ಜರ್ಮನಿಗೆ ಹೊರಟವರಿಗೆ ನಾಲ್ಕು ಮಾತು

(ಸಂಘದ ವಾರ್ಷಿಕೋತ್ಸವದ ಯುವಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹರೂಪ)



ನನಗೆ ಕೊಟ್ಟ ವಿಷಯ ‘ವಿದೇಶದಲ್ಲಿ ಉದ್ಯೋಗ’. ನಮ್ಮ ಕಾಸರಗೋಡಿನಲ್ಲಿ ವಿದೇಶ ಅಂದರೆ ಇಷ್ಟು ದಿನ ಒಂದೇ ಅರ್ಥ, ಗಲ್ಫ್. ಈಗ ಪೇಟೆಯ ಗೋಡೆಗಳನ್ನು ನೋಡಿ. ‘ಜರ್ಮನ್ ಕಲಿಯಿರಿ, ಜರ್ಮನಿಗೆ ಹಾರಿರಿ’ ಎಂಬ ಪೋಸ್ಟರು ಮಲಯಾಳದಲ್ಲಿಯೂ ಉಂಟು, ಕನ್ನಡದಲ್ಲಿಯೂ ಉಂಟು. ನಾನು ಜರ್ಮನಿ ನೋಡಿದವಳಲ್ಲ. ಬಿ.ಎ. ಓದುತ್ತಾ ಜರ್ಮನ್ ಭಾಷೆಯ ಎರಡನೇ ಹಂತ ಕಲಿಯುತ್ತಿದ್ದೇನೆ. ನನ್ನ ದೊಡ್ಡಮ್ಮನ ಮಗಳು ಅಕ್ಕ ನರ್ಸಿಂಗ್ ಮುಗಿಸಿ ಮೂರು ವರ್ಷದಿಂದ ಸ್ಟುಟ್‌ಗಾರ್ಟ್ ಹತ್ತಿರದ ಒಂದು ಪೇಟೆಯಲ್ಲಿ ವೃದ್ಧರ ಆರೈಕೆಯ ಕೆಲಸದಲ್ಲಿದ್ದಾಳೆ. ಅವಳು ಹೇಳಿದ್ದು, ನಾನು ಓದಿ ತಿಳಿದದ್ದು, ಎರಡನ್ನೂ ಸೇರಿಸಿ ಹೇಳುತ್ತೇನೆ.

ಇದನ್ನು ಇವತ್ತೇ ಹೇಳಬೇಕಾದ ಕಾರಣವೂ ಉಂಟು. ನಮ್ಮಲ್ಲೇ ಒಬ್ಬ ತಮ್ಮ, ಹೆಸರು ಬೇಡ, ಕಳೆದ ತಿಂಗಳು ನನ್ನ ಹತ್ತಿರ ಕೇಳಿದ: “ಅಕ್ಕಾ, ಏಜೆಂಟ್ ನಾಲ್ಕು ಲಕ್ಷ ಕೇಳ್ತಾನೆ. ಗೋದಾಮಿನಲ್ಲಿ ಕೆಲಸವಂತೆ. ಭಾಷೆ ಬೇಡವಂತೆ. ಮೊದಲು ವಿಸಿಟ್ ವೀಸಾದಲ್ಲಿ ಹೋಗುವುದು, ಆಮೇಲೆ ಅಲ್ಲೇ ಕೆಲಸದ ವೀಸಾ ಮಾಡಿಸುವುದಂತೆ. ಹೋಗ್ಲಾ?” ಅವನ ಅಮ್ಮ ಬೀಡಿ ಕಟ್ಟುವವರು. ಹತ್ತು ಸೆಂಟ್ಸ್ ಜಾಗದ ಪಟ್ಟೆಯನ್ನು ಅಡವಿಡಲು ತಯಾರಾಗಿದ್ದಾರೆ. ಆ ಅಮ್ಮ ಇವತ್ತು ಇಲ್ಲಿಯೇ ಕುಳಿತಿದ್ದಾರೆ. ನನ್ನ ಮಾತು ಮೊದಲು ಅವರಿಗೆ, ಆಮೇಲೆ ನಿಮಗೆಲ್ಲರಿಗೆ.

ಜರ್ಮನಿಗೆ ಜನ ಬೇಕು ಅನ್ನುವುದು ಸುಳ್ಳಲ್ಲ. ಅಲ್ಲಿ ಮುದುಕರು ಹೆಚ್ಚು, ದುಡಿಯುವ ಪ್ರಾಯದವರು ಕಡಿಮೆ. 2022ರ ಡಿಸೆಂಬರಿನಲ್ಲಿ ಭಾರತ ಮತ್ತು ಜರ್ಮನಿ ವಲಸೆಯ ಬಗ್ಗೆ ಒಪ್ಪಂದ ಮಾಡಿಕೊಂಡವು. 2024ರಲ್ಲಿ ಜರ್ಮನ್ ಸರಕಾರ ಭಾರತದ ಕುಶಲ ಕೆಲಸಗಾರರಿಗೆ ಕೊಡುವ ವೀಸಾವನ್ನು ವರ್ಷಕ್ಕೆ 20,000ದಿಂದ 90,000ಕ್ಕೆ ಏರಿಸುವುದಾಗಿ ಹೇಳಿತು. ಆದರೆ ಇಲ್ಲಿ ‘ಕುಶಲ’ ಎಂಬ ಶಬ್ದವನ್ನು ಗಮನಿಸಿ. ಕಲಿತ ಕೆಲಸ ಬೇಕು, ಕಲಿತದ್ದಕ್ಕೆ ಕಾಗದ ಬೇಕು, ಹೆಚ್ಚಿನ ಕೆಲಸಗಳಿಗೆ ಭಾಷೆ ಬೇಕು. ವಿಸಿಟ್ ವೀಸಾ ಅಂದರೆ 180 ದಿನದಲ್ಲಿ 90 ದಿನ ಇದ್ದು ಬರುವ ಅನುಮತಿ. ಅದರಲ್ಲಿ ಕೆಲಸ ಮಾಡುವ ಹಾಗಿಲ್ಲ. ಸಾಮಾನ್ಯವಾಗಿ ಅದನ್ನು ಅಲ್ಲೇ ಕೆಲಸದ ವೀಸಾ ಆಗಿ ಬದಲಾಯಿಸುವುದಕ್ಕೂ ಆಗುವುದಿಲ್ಲ. ಗಲ್ಫಿನಲ್ಲಿ ಒಂದು ಕಾಲದಲ್ಲಿ ನಡೆದದ್ದು ಇಲ್ಲಿ ನಡೆಯುವುದಿಲ್ಲ.

ದುಡ್ಡಿನ ಬಗ್ಗೆ ಕೂಡ ಕೇಳಿ. ನಮ್ಮ ದೇಶದ 1983ರ ಎಮಿಗ್ರೇಷನ್ ಕಾಯ್ದೆಯ ಪ್ರಕಾರ ನೋಂದಣಿ ಆದ ಏಜೆಂಟ್ ಸೇವಾಶುಲ್ಕವಾಗಿ ತೆಗೆದುಕೊಳ್ಳಬಹುದಾದ ಹಣ ಹೆಚ್ಚೆಂದರೆ 30,000 ರೂಪಾಯಿ, ಮತ್ತೆ ಅದರ ಮೇಲಿನ ಜಿಎಸ್‌ಟಿ. ನೋಂದಣಿ ಆದವರ ಪಟ್ಟಿ ಕೇಂದ್ರ ಸರಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ಉಂಟು, ಮೊಬೈಲಲ್ಲೇ ನೋಡಬಹುದು. ನಾಲ್ಕು ಲಕ್ಷ ಕೇಳುವವನ ಹೆಸರು ಅಲ್ಲಿ ಉಂಟಾ ಅಂತ ಮೊದಲು ನೋಡಿ. ಇದ್ದರೂ ನಾಲ್ಕು ಲಕ್ಷ ಯಾಕೆ ಅಂತ ಕೇಳಿ, ರಶೀದಿ ಕೇಳಿ. ರಶೀದಿ ಅಂದ ಕೂಡಲೇ ಮಾತು ಬದಲಾಯಿಸುವವನಿಗೆ ಪಟ್ಟೆ ತೋರಿಸಬೇಡಿ.

ಹಾಗಾದರೆ ಸರಿಯಾದ ದಾರಿ ಎಂತದ್ದು? ನರ್ಸಿಂಗ್ ಓದಿದ ತಂಗಿಯರಿಗೆ ಒಂದು ದಾರಿ ನಮ್ಮ ಕೇರಳದಲ್ಲೇ ಉಂಟು. ‘ಟ್ರಿಪಲ್ ವಿನ್’ ಅಂತ ಅದರ ಹೆಸರು. ಕೇರಳ ಸರಕಾರದ ನೋರ್ಕಾ ರೂಟ್ಸ್ 2021ರ ಡಿಸೆಂಬರಿನಲ್ಲಿ ಜರ್ಮನಿಯ ಸರಕಾರಿ ಉದ್ಯೋಗ ಸಂಸ್ಥೆಯ ಜೊತೆ ಇದರ ಒಪ್ಪಂದ ಮಾಡಿಕೊಂಡಿತು. ಆಯ್ಕೆಯಾದವರಿಗೆ ಬಿ1 ಹಂತದವರೆಗೆ ಜರ್ಮನ್ ಭಾಷೆಯನ್ನು ಇಲ್ಲೇ ಉಚಿತವಾಗಿ ಕಲಿಸುತ್ತಾರೆ. ಏಜೆಂಟಿಗೆ ಒಂದು ಪೈಸೆ ಇಲ್ಲ. ಅಲ್ಲಿಗೆ ಹೋದ ಮೇಲೆ ಇನ್ನೊಂದು ಹಂತದ ಭಾಷೆ ಕಲಿತು, ನಮ್ಮ ಓದಿಗೆ ಅಲ್ಲಿಯ ಮಾನ್ಯತೆ ಪಡೆಯಬೇಕು. ಮಾನ್ಯತೆ ಸಿಗುವ ತನಕ ಸಹಾಯಕಿಯ ಸಂಬಳ, ಸಿಕ್ಕಿದ ಮೇಲೆ ಪೂರ್ಣ ನರ್ಸಿನ ಸಂಬಳ.

ಹನ್ನೆರಡನೇ ಕ್ಲಾಸು ಮುಗಿಸಿದವರಿಗೆ ‘ಆವ್ಸ್‌ಬಿಲ್ಡುಂಗ್’ ಎಂಬ ದಾರಿ ಉಂಟು. ವಾರದಲ್ಲಿ ಕೆಲವು ದಿನ ಕೆಲಸದ ಜಾಗದಲ್ಲಿ, ಕೆಲವು ದಿನ ಶಾಲೆಯಲ್ಲಿ. ಹೆಚ್ಚಾಗಿ ಮೂರು ವರ್ಷ. ಕಲಿಯುವಾಗಲೂ ಸಂಬಳ ಕೊಡುತ್ತಾರೆ. ಬೇಕರಿ, ವಯರಿಂಗ್, ವಾಹನ ರಿಪೇರಿ, ಆರೈಕೆ ಹೀಗೆ 300ಕ್ಕೂ ಹೆಚ್ಚು ಕೆಲಸಗಳಿಗೆ ಈ ಕ್ರಮ ಉಂಟು. ಇದಕ್ಕೂ ಭಾಷೆ ಬೇಕು, ಸಾಧಾರಣವಾಗಿ ಬಿ1, ನರ್ಸಿಂಗಿಗೆ ಬಿ2 ಕೇಳುವವರೂ ಇದ್ದಾರೆ.

ನನ್ನ ಹಾಗೆ ಬಿ.ಎ. ಓದುವವರಿಗೆ ಎಂ.ಎ. ದಾರಿ. ಅಲ್ಲಿಯ ಹೆಚ್ಚಿನ ಸರಕಾರಿ ವಿಶ್ವವಿದ್ಯಾಲಯಗಳಲ್ಲಿ ಫೀಸಿಲ್ಲ. ನಮ್ಮ ಅಕ್ಕ ಇರುವ ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ಮಾತ್ರ ನಮ್ಮಂಥ ದೇಶದವರಿಗೆ ಸೆಮಿಸ್ಟರಿಗೆ 1,500 ಯೂರೋ. ಫೀಸಿಲ್ಲ ಅಂತ ಖುಷಿ ಪಡುವ ಮೊದಲು ಇನ್ನೊಂದು ಲೆಕ್ಕ ಕೇಳಿ. ಒಂದು ವರ್ಷದ ಊಟ, ಬಾಡಿಗೆಗೆ ಸಾಕಾಗುವ ಹಣ ನಿಮ್ಮ ಹತ್ತಿರ ಉಂಟು ಅಂತ ವೀಸಾಕ್ಕೆ ತೋರಿಸಬೇಕು. 2024ರ ಸೆಪ್ಟೆಂಬರಿನಿಂದ ಅದು 11,904 ಯೂರೋ. ನಮ್ಮ ರೂಪಾಯಿಯಲ್ಲಿ ಹತ್ತು ಲಕ್ಷಕ್ಕಿಂತ ಮೇಲೆ. ಇದು ನಮ್ಮ ಮನೆಗಳಿಗೆ ಬಾಗಿಲು ಅಲ್ಲ, ಗೋಡೆ. ಈ ಗೋಡೆಗೆ ಏಣಿ ಇಡುವುದಕ್ಕೆ ಕೇಂದ್ರ ಸರಕಾರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ಉಂಟು. ಅದು ಇಡೀ ದೇಶಕ್ಕೆ ವರ್ಷಕ್ಕೆ 125 ಜನರಿಗೆ. ಪದವಿಯಲ್ಲಿ 60 ಶೇಕಡಾ ಅಂಕ ಬೇಕು, ಮನೆಯ ವರಮಾನ 8 ಲಕ್ಷಕ್ಕಿಂತ ಕಡಿಮೆ ಇರಬೇಕು. ಕೇರಳದ ಪರಿಶಿಷ್ಟ ಜಾತಿ ಅಭಿವೃದ್ಧಿ ಇಲಾಖೆಯಿಂದಲೂ ವಿದೇಶದ ಓದಿಗೆ ಸಹಾಯಧನ ಉಂಟು. ಅರ್ಜಿ ಹಾಕುವ ತಮ್ಮ ತಂಗಿಯರು ಮೊದಲ ವರ್ಷದಿಂದಲೇ ಅಂಕ ಕಾಪಾಡಿಕೊಳ್ಳಬೇಕು. ಕೊನೆಯ ಸೆಮಿಸ್ಟರಿನಲ್ಲಿ ಎಚ್ಚರ ಆದರೆ ಸಾಲದು.

ಎಲ್ಲಾ ದಾರಿಗಳೂ ಹೋಗಿ ನಿಲ್ಲುವುದು ಭಾಷೆಯ ಹತ್ತಿರ. ಜರ್ಮನ್ ಕಷ್ಟ ಅಂತ ಹೇಳುತ್ತಾರೆ. ಕಷ್ಟವೇ. ಅವರ ಮೇಜು ಗಂಡು, ಬಾಗಿಲು ಹೆಣ್ಣು, ಕಿಟಕಿ ನಪುಂಸಕ. ತಮಾಷೆ ಎಂದರೆ ಹುಡುಗಿ ಎಂಬ ಶಬ್ದವೂ ನಪುಂಸಕ! ಇಪ್ಪತ್ತೊಂದನ್ನು ‘ಒಂದು ಮತ್ತು ಇಪ್ಪತ್ತು’ ಅಂತ ತಿರುಗಿಸಿ ಹೇಳುತ್ತಾರೆ. ಆದರೆ ‘ಯಾಕೆಂದರೆ’ ಎಂದು ಶುರುವಾಗುವ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ನಮ್ಮ ಕನ್ನಡದ ಹಾಗೆಯೇ. ಶಬ್ದಕ್ಕೆ ಶಬ್ದ ಕೂಡಿಸುವುದು ನಮ್ಮ ಸಮಾಸದ ಹಾಗೆ. ಆಸ್ಪತ್ರೆಗೆ ‘ಕ್ರಾಂಕೆನ್‌ಹೌಸ್’, ಅಂದರೆ ರೋಗಿಗಳ ಮನೆ. ಕೈಗವಸಿಗೆ ‘ಹಾಂಡ್‌ಶೂ’, ಅಂದರೆ ಕೈಯ ಶೂ!

ನಾವು ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪಂಚಾಯತ್ ಕಚೇರಿಯಲ್ಲಿ ಮಲಯಾಳ, ಕಾಲೇಜಿನಲ್ಲಿ ಇಂಗ್ಲಿಷ್ ಆಡಿ ಬೆಳೆದವರು. ಗೊತ್ತಿಲ್ಲದ ಭಾಷೆಯ ಅರ್ಜಿ ಫಾರಂ ಹಿಡಿದು ಕೌಂಟರಿನ ಎದುರು ನಿಲ್ಲುವುದು ನಮಗೆ ಹೊಸತಲ್ಲ. 1956ರ ನವೆಂಬರ್ 1ರಿಂದ ನಮ್ಮ ಅಜ್ಜ ಅಜ್ಜಿಯರು ಅದನ್ನೇ ಮಾಡಿದ್ದಾರೆ. ಜರ್ಮನ್ ಮಾತಾಡುವವರಲ್ಲೂ ನಮ್ಮಂಥವರು ಇದ್ದಾರೆ. ಇಟಲಿಯ ಉತ್ತರದಲ್ಲಿ ದಕ್ಷಿಣ ಟಿರೋಲ್ ಅಂತ ಒಂದು ಸೀಮೆ. ಮೊದಲ ಮಹಾಯುದ್ಧದ ನಂತರ ಅದು ಆಸ್ಟ್ರಿಯಾದಿಂದ ಇಟಲಿಗೆ ಸೇರಿತು. ಗಡಿ ಬದಲಾಯಿತು, ಮನೆಮಾತು ಬದಲಾಗಲಿಲ್ಲ. ಇವತ್ತು ಅಲ್ಲಿಯ ಶಾಲೆ, ಕಚೇರಿ, ರಸ್ತೆಯ ಬೋರ್ಡುಗಳಲ್ಲಿ ಜರ್ಮನ್ ಉಂಟು. ಅವರು ಹೋರಾಡಿ ಪಡೆದದ್ದು ಅದು.

ನಮ್ಮ ಭಾಷೆಗಳನ್ನು ಕಲಿಯಲು ಅಲ್ಲಿಂದ ಜನ ಇಲ್ಲಿಗೆ ಬಂದದ್ದೂ ಉಂಟು. ಮಲಯಾಳದ ನಿಘಂಟು ಮಾಡಿದ ಹೆರ್ಮನ್ ಗುಂಡರ್ಟ್ ಹುಟ್ಟಿದ್ದು ಸ್ಟುಟ್‌ಗಾರ್ಟಿನಲ್ಲಿ, ಇದ್ದದ್ದು ತಲಶ್ಶೇರಿಯಲ್ಲಿ. ಫರ್ಡಿನಾಂಡ್ ಕಿಟ್ಟೆಲ್ ಅವರ ಕನ್ನಡ ನಿಘಂಟು ಮಂಗಳೂರಿನಲ್ಲಿ 1894ರಲ್ಲಿ ಅಚ್ಚಾಯಿತು. ತಲಶ್ಶೇರಿಗೂ ಮಂಗಳೂರಿಗೂ ನಡುವೆ ಇರುವುದು ನಾವು. ಬೀಡಿಯ ಎಲೆ ಕತ್ತರಿಸುವವರ ಮಕ್ಕಳಿಗೆ ಜರ್ಮನ್ ಬರುವುದಿಲ್ಲ ಅಂತ ಯಾರಾದರೂ ಹೇಳಿದರೆ ಇನ್ನೊಂದು ಹೆಸರು ಹೇಳಿ. 1921ರಲ್ಲಿ ನಮ್ಮ ಬಾಬಾಸಾಹೇಬರು ಜರ್ಮನಿಯ ಬಾನ್ ವಿಶ್ವವಿದ್ಯಾಲಯದಲ್ಲಿ ಓದಲು ತಮ್ಮ ಕೈಬರಹದಲ್ಲಿ, ಜರ್ಮನ್ ಭಾಷೆಯಲ್ಲಿಯೇ ಅರ್ಜಿ ಬರೆದರು. ಹೆಸರೂ ದಾಖಲಾಯಿತು. ಅಲ್ಲಿ ಓದು ಮುಂದುವರಿಯಲಿಲ್ಲ, ಅದು ಬೇರೆ ವಿಷಯ. ಅರ್ಜಿ ಮಾತ್ರ ಏಜೆಂಟನ ಕೈಯಲ್ಲಿ ಬರೆಸಿದ್ದಲ್ಲ.

ಈಗ ನಾನು ಮುಖ್ಯವಾಗಿ ಹೇಳಬೇಕೆಂದಿರುವ ಮಾತಿಗೆ ಬರುತ್ತೇನೆ. ಅಕ್ಕನಿಗೆ ಜರ್ಮನಿಯಲ್ಲಿ ಎಂತ ಇಷ್ಟ ಅಂತ ಕೇಳಿದೆ. ಸಂಬಳ ಹೇಳುತ್ತಾಳೆ, ರೈಲು ಹೇಳುತ್ತಾಳೆ ಅಂತ ಅಂದುಕೊಂಡೆ. ಅವಳು “ಝೀ” ಅಂದಳು.

ತುಳುವಿನಲ್ಲಿ ನಮಗೆ ‘ಈ’ ಮತ್ತು ‘ಈರ್’ ಉಂಟು. ಕನ್ನಡದಲ್ಲಿ ನೀನು, ನೀವು. ಜರ್ಮನಿನಲ್ಲಿ ‘ಡು’ ಮತ್ತು ‘ಝೀ’. ಡು ಅಂದರೆ ನೀನು, ಮನೆಯವರಿಗೆ, ಗೆಳೆಯರಿಗೆ, ಮಕ್ಕಳಿಗೆ. ಝೀ ಅಂದರೆ ನೀವು. ಗುರುತಿಲ್ಲದ ಪ್ರಾಯದ ಮನುಷ್ಯ ಯಾರೇ ಆಗಲಿ ಝೀ. ಡಾಕ್ಟರಿಗೂ ಝೀ, ಬಸ್ಸಿನ ಡ್ರೈವರಿಗೂ ಝೀ, ನೆಲ ಒರೆಸುವವರಿಗೂ ಝೀ. ಇಬ್ಬರು ಡು ಎಂದು ಕರೆದುಕೊಳ್ಳಬೇಕಾದರೆ ಒಬ್ಬರು ಕೇಳುತ್ತಾರೆ, ಇನ್ನೊಬ್ಬರು ಒಪ್ಪುತ್ತಾರೆ. ಆಮೇಲೆ ಎರಡೂ ಕಡೆಯಿಂದ ಡು. ಒಂದು ಕಡೆಯಿಂದ ನೀನು, ಇನ್ನೊಂದು ಕಡೆಯಿಂದ ನೀವು ಎಂಬುದು ಎರಡು ದೊಡ್ಡವರ ನಡುವೆ ಇರಬಾರದು ಅನ್ನುವುದು ಅಲ್ಲಿಯ ಮರ್ಯಾದೆ.

ನಮ್ಮ ಅಜ್ಜಿಗೆ ಎಪ್ಪತ್ತು ವರ್ಷ ಆಗಿರುವಾಗ ಧನಿಗಳ ಮನೆಯ ಹತ್ತು ವರ್ಷದ ಮಗು ಅವರನ್ನು ‘ಈ’ ಎಂದು ಕರೆಯುತ್ತಿತ್ತು. ಅಜ್ಜಿ ಆ ಮಗುವಿಗೆ ‘ಈರ್’ ಎನ್ನುತ್ತಿದ್ದರು. ಯಾರೂ ಅದನ್ನು ಬೈಗುಳ ಅಂತ ಎಣಿಸಲಿಲ್ಲ. ಅದು ವ್ಯಾಕರಣ ಅಂತ ಎಣಿಸಿದರು. ಜಾತಿ ನಮ್ಮ ವ್ಯಾಕರಣದ ಒಳಗೆ ಕುಳಿತಿತ್ತು. ಅದೇ ಅಜ್ಜಿಯ ಮೊಮ್ಮಗಳನ್ನು ಇವತ್ತು ಒಬ್ಬ ತೊಂಬತ್ತು ವರ್ಷದ ಜರ್ಮನ್ ಅಜ್ಜ ‘ಝೀ’ ಎಂದು ಮಾತಾಡಿಸುತ್ತಾರೆ. ಮೊದಲ ವಾರ ಅಕ್ಕ ಹಿಂದೆ ತಿರುಗಿ ನೋಡಿದಳಂತೆ, ಬೇರೆ ಯಾರನ್ನಾದರೂ ಕರೆದರಾ ಅಂತ.

ಕೆಲಸದ ವಿಷಯವೂ ಹಾಗೆಯೇ. ನಮ್ಮ ಆಸ್ಪತ್ರೆಗಳಲ್ಲಿ ನರ್ಸ್ ಇಂಜೆಕ್ಷನ್ ಕೊಡುತ್ತಾರೆ, ರೋಗಿಯ ಮೈ ಒರೆಸುವುದು, ಮಲಮೂತ್ರ ತೆಗೆಯುವುದು ಮನೆಯವರ ಕೆಲಸ ಅಥವಾ ಆಯಾಗಳ ಕೆಲಸ. ಆಯಾ ಯಾವ ಮನೆಯಿಂದ ಬರುತ್ತಾರೆ ಅಂತ ನಿಮಗೆ ಗೊತ್ತುಂಟು. ಅಲ್ಲಿ ಮೂರು ವರ್ಷ ಓದಿದ ನರ್ಸೇ ರೋಗಿಯ ಮೈ ತೊಳೆಯಬೇಕು, ಊಟ ಮಾಡಿಸಬೇಕು, ಡೈಪರ್ ಬದಲಾಯಿಸಬೇಕು. ಇಲ್ಲಿಂದ ಹೋದ ಕೆಲವರಿಗೆ ಇದು ದೊಡ್ಡ ಆಘಾತ. “ಇದಕ್ಕಾ ನಾವು ಓದಿದ್ದು?” ಅಂತ ಅತ್ತವರನ್ನು ಅಕ್ಕ ನೋಡಿದ್ದಾಳೆ. ಅವಳಿಗೆ ಅಳು ಬರಲಿಲ್ಲ. ತೊಳೆಯುವ ಕೆಲಸ ಕೀಳಲ್ಲ, ತೊಳೆಯುವವರನ್ನು ಕೀಳು ಮಾಡಿದ್ದು ನಮ್ಮ ಊರು ಅಂತ ಅವಳಿಗೆ ಮೊದಲೇ ಗೊತ್ತಿತ್ತು.

ಜರ್ಮನಿಯಲ್ಲಿ ಕಟ್ಟಡ ಶುಚಿ ಮಾಡುವುದು ಕೂಡ ಮೂರು ವರ್ಷ ಕಲಿಯುವ ಒಂದು ಕಸುಬು. ಅದರಲ್ಲಿ ‘ಮೈಸ್ಟರ್’, ಅಂದರೆ ಆ ಕಸುಬಿನ ಗುರು, ಎಂಬ ಪರೀಕ್ಷೆಯೂ ಉಂಟು. 2025ರಲ್ಲಿ ಇಡೀ ದೇಶದ ಕನಿಷ್ಠ ಕೂಲಿ ಗಂಟೆಗೆ 12.82 ಯೂರೋ ಇದ್ದಾಗ ಕಟ್ಟಡ ಶುಚಿ ಕೆಲಸಗಾರರ ಕನಿಷ್ಠ ಕೂಲಿ 14.25 ಯೂರೋ ಇತ್ತು. ಅಂದರೆ ಶುಚಿ ಮಾಡುವವರಿಗೆ ಕನಿಷ್ಠಕ್ಕಿಂತ ಹೆಚ್ಚು. ಚರಂಡಿಗೆ ಇಳಿದು ಸತ್ತವರ ಸುದ್ದಿ ಓದುವ ನಾವು ಈ ಎರಡು ಅಂಕಿಗಳನ್ನು ಮನೆಯ ಗೋಡೆಯಲ್ಲಿ ಬರೆದಿಡಬೇಕು.

ಅಲ್ಲಿ ಸ್ವರ್ಗ ಉಂಟು ಅಂತ ನಾನು ಹೇಳುತ್ತಿಲ್ಲ. ಶುಚಿ ಕೆಲಸದಲ್ಲಿ ಅಲ್ಲೂ ಹೊರದೇಶದಿಂದ ಬಂದವರೇ ತುಂಬಾ. 1961ರಲ್ಲಿ ಟರ್ಕಿಯೊಂದಿಗೆ ಒಪ್ಪಂದ ಮಾಡಿ ಕೆಲಸಗಾರರನ್ನು ಕರೆದರು, ‘ಅತಿಥಿ ಕೆಲಸಗಾರರು’ ಅಂತ ಹೆಸರಿಟ್ಟರು. ಅತಿಥಿ ಅಂದರೆ ಹೊರಡಬೇಕಾದವನು ಅಂತ ಅರ್ಥ. 1973ರಲ್ಲಿ ಕರೆಯುವುದನ್ನು ನಿಲ್ಲಿಸಿದರು. 1960ರ ದಶಕದಿಂದ ಕೇರಳದ ಸಾವಿರಾರು ಹುಡುಗಿಯರು ನರ್ಸಿಂಗಿಗೆ ಅಲ್ಲಿಗೆ ಹೋದರು. ಎಪ್ಪತ್ತರ ದಶಕದ ಕೊನೆಗೆ ಕೆಲವು ರಾಜ್ಯಗಳು ಅವರ ಪರ್ಮಿಟ್ಟನ್ನು ನವೀಕರಿಸಲಿಲ್ಲ. ಮದುವೆಯಾಗಿ ಹೋದ ಗಂಡಂದಿರಿಗೆ ವರ್ಷಗಟ್ಟಲೆ ಕೆಲಸ ಮಾಡುವ ಅನುಮತಿ ಇರಲಿಲ್ಲ. ಬೇಕಾದಾಗ ಕರೆಯುವುದು, ಬೇಡವಾದಾಗ ಬಾಗಿಲು ತೋರಿಸುವುದು ಎಲ್ಲಾ ಊರಿನ ಧನಿಗಳಿಗೂ ಗೊತ್ತುಂಟು.

ಇವತ್ತಿಗೂ ಬಣ್ಣ ನೋಡಿ ‘ಡು’ ಅನ್ನುವವರು ಇದ್ದಾರೆ. ಅಕ್ಕನಿಗೆ ಒಮ್ಮೆ ಒಂದು ಕಚೇರಿಯಲ್ಲಿ ಹಾಗಾಯಿತು. ಎದುರಿನ ಜರ್ಮನ್ ಹೆಂಗಸಿಗೆ ಝೀ ಅಂದ ಗುಮಾಸ್ತ ಇವಳಿಗೆ ಡು ಅಂದ. ಇವಳು ಜರ್ಮನಿನಲ್ಲೇ, ಸಮಾಧಾನದಿಂದ, “ನಾವು ಝೀ ಎಂದೇ ಮಾತಾಡೋಣ” ಅಂದಳು. ಅವನು ತಿದ್ದಿಕೊಂಡ. ಭಾಷೆ ಬಾರದಿದ್ದರೆ ಅವಳಿಗೆ ಅವಮಾನ ಆದದ್ದೇ ತಿಳಿಯುತ್ತಿರಲಿಲ್ಲ. ಭಾಷೆ ಬೇಡ ಎನ್ನುವ ಏಜೆಂಟ್ ನಮ್ಮಿಂದ ಕಿತ್ತುಕೊಳ್ಳುವುದು ನಾಲ್ಕು ಲಕ್ಷ ಮಾತ್ರ ಅಲ್ಲ, ಈ ಒಂದು ಉತ್ತರವನ್ನು ಕೂಡ.

ಇನ್ನೊಂದು ವಿಷಯ ಬೇಸರದ್ದು. ಜಾತಿಗೆ ಪಾಸ್‌ಪೋರ್ಟ್ ಬೇಡ. ಅಕ್ಕ ಮೊದಲು ಇದ್ದ ಹಾಸ್ಟೆಲಿನ ಅಡುಗೆ ಕೋಣೆಯಲ್ಲಿ ನಮ್ಮ ದೇಶದವರೇ ಒಬ್ಬರು ಪರಿಚಯವಾದ ಹತ್ತನೇ ನಿಮಿಷಕ್ಕೆ “ನಿಮ್ಮ ಸರ್‌ನೇಮ್ ಎಂತ? ಮನೆಯಲ್ಲಿ ಎಂತ ಮಾಡ್ತಾರೆ?” ಅಂತ ಕೇಳಿದರಂತೆ. ಮರುದಿನದಿಂದ ಅವರ ಪಾತ್ರೆ ಬೇರೆ ಕಪಾಟಿಗೆ ಹೋಯಿತು. ಜರ್ಮನಿಯಲ್ಲಿ 2006ರ ಸಮಾನತೆಯ ಕಾಯ್ದೆ ಉಂಟು. ಜನಾಂಗ, ಲಿಂಗ, ಧರ್ಮ, ಪ್ರಾಯ, ಅಂಗವೈಕಲ್ಯ ಎಲ್ಲವನ್ನೂ ಅದು ಹೆಸರಿಸುತ್ತದೆ. ಜಾತಿ ಎಂಬ ಶಬ್ದ ಅದರಲ್ಲಿ ಇಲ್ಲ. ಅವರ ಸಂವಿಧಾನ ಜಾರಿಗೆ ಬಂದದ್ದು 1949ರ ಮೇ ತಿಂಗಳಲ್ಲಿ. ಮನುಷ್ಯನ ಘನತೆ ಅದರ ಮೊದಲ ವಿಧಿ. ನಮ್ಮ ಸಂವಿಧಾನ ಅಂಗೀಕಾರವಾದದ್ದು ಅದೇ ವರ್ಷ ನವೆಂಬರ್ 26ಕ್ಕೆ. ವ್ಯಕ್ತಿಯ ಘನತೆ ನಮ್ಮ ಪೀಠಿಕೆಯಲ್ಲೇ ಉಂಟು, ಅಸ್ಪೃಶ್ಯತೆ ನಿಷೇಧಕ್ಕೆ 17ನೇ ವಿಧಿಯೂ ಉಂಟು. ಕಾಗದದಲ್ಲಿ ನಾವು ಅವರಿಗಿಂತ ಹಿಂದೆ ಇಲ್ಲ. ಹಿಂದೆ ಇರುವುದು ಬಾಯಿಮಾತಿನಲ್ಲಿ, ಕೂಲಿಯಲ್ಲಿ, ಕಪಾಟಿನಲ್ಲಿ.

ಆದ್ದರಿಂದ ನಾನು ಹೋಗಬೇಡಿ ಅಂತ ಹೇಳುವುದಿಲ್ಲ. ಹೋಗಿ. ಆದರೆ ಕದ್ದು ಹೋಗುವವರ ಹಾಗೆ ಹೋಗಬೇಡಿ, ಝೀ ಅಂತ ಕರೆಸಿಕೊಳ್ಳುವವರ ಹಾಗೆ ಹೋಗಿ. ಪಟ್ಟೆ ಮನೆಯಲ್ಲೇ ಇರಲಿ. ಎರಡು ವರ್ಷ ತಡವಾದರೂ ಭಾಷೆ ಕಲಿತು, ಕಾಗದ ಸರಿ ಮಾಡಿಕೊಂಡು, ಸಹಿ ಮಾಡುವ ಕರಾರಿನ ಒಂದೊಂದು ಸಾಲನ್ನೂ ಓದಿ ಹೋಗಿ.

ಸಂಘದ ಮುಂದೆ ಎರಡು ಬೇಡಿಕೆ ಇಡುತ್ತೇನೆ. ಒಂದು, ಪ್ರತಿ ಆದಿತ್ಯವಾರ ಎರಡು ಗಂಟೆ ನಮ್ಮ ಸಂಘದ ಕೋಣೆಯನ್ನು ಜರ್ಮನ್ ಕಲಿಕೆಗೆ ಬಿಟ್ಟುಕೊಡಿ. ಮೊದಲ ಹಂತ ಎ1 ಅನ್ನು ನಾನೇ ಹೇಳಿಕೊಡುತ್ತೇನೆ, ಫೀಸಿಲ್ಲ. ಅಕ್ಕ ತಿಂಗಳಿಗೊಮ್ಮೆ ವಿಡಿಯೋದಲ್ಲಿ ಬರಲು ಒಪ್ಪಿದ್ದಾಳೆ. ಗೋಯೆಥೆ ಸಂಸ್ಥೆಯ ಪರೀಕ್ಷೆಯಲ್ಲಿ ಓದುವುದು, ಕೇಳುವುದು, ಬರೆಯುವುದು, ಮಾತಾಡುವುದು ಎಂಬ ನಾಲ್ಕು ಭಾಗ. ಬಿ1ನಲ್ಲಿ ಒಂದೊಂದೇ ಭಾಗವನ್ನು ಬೇರೆ ಬೇರೆಯಾಗಿ ಬರೆದು ಪಾಸ್ ಮಾಡಬಹುದು. ಕೂಲಿಗೆ ಹೋಗುವವರಿಗೂ ಇದು ಸಾಧ್ಯ. ಎರಡು, ಯಾರ ಮನೆಗಾದರೂ ಏಜೆಂಟ್ ಬಂದರೆ ಆ ಕಾಗದವನ್ನು ಸಂಘದಲ್ಲಿ ಮೂರು ಜನ ಓದಿದ ಮೇಲೆಯೇ ದುಡ್ಡು ಕೊಡುವುದು ಅಂತ ನಾವೆಲ್ಲ ಸೇರಿ ಒಂದು ನಿಯಮ ಮಾಡೋಣ.

ಹೋಗದೆ ಇಲ್ಲೇ ಇರುವವರಿಗೂ ಒಂದು ಕೆಲಸ ಉಂಟು. 2024ರ ಜೂನಿನಲ್ಲಿ ಕೇರಳ ಸರಕಾರ ನಮ್ಮ ವಸತಿಗಳನ್ನು ‘ಕಾಲನಿ’ ಅಂತ ಕರೆಯಬಾರದು, ‘ನಗರ’ ಮುಂತಾದ ಹೆಸರು ಇಡಬೇಕು ಅಂತ ಆದೇಶ ಮಾಡಿತು. ಆದರೂ ಬಸ್ಸಿನ ಕಂಡಕ್ಟರ್ ಇವತ್ತಿಗೂ “ಕಾಲನಿ ಇಳೀರಿ” ಅನ್ನುತ್ತಾರೆ, ನಾವೂ ಅದನ್ನೇ ಹೇಳಿ ಟಿಕೆಟ್ ತೆಗೆಯುತ್ತೇವೆ. ನಾಳೆಯಿಂದ ನಾವು ನಗರ ಅಂತ ಹೇಳಿ ಟಿಕೆಟ್ ಕೇಳೋಣ. ನಮ್ಮ ಅಜ್ಜಿಯರನ್ನು ಯಾರಾದರೂ ‘ಈ’ ಅಂದರೆ, ಅಕ್ಕ ಅಲ್ಲಿ ಹೇಳಿದ ಹಾಗೆ ಸಮಾಧಾನದಿಂದಲೇ “ಈರ್ ಅಂತ ಮಾತಾಡಿ” ಎನ್ನೋಣ. ಅದಕ್ಕೆ ವೀಸಾ ಬೇಡ.

ಆ ತಮ್ಮನಿಗೆ ನನ್ನ ಉತ್ತರ ಇಷ್ಟೇ: ಪಟ್ಟೆಯನ್ನು ಅಮ್ಮನ ಪೆಟ್ಟಿಗೆಯಲ್ಲಿ ಇಟ್ಟು ಬರುವ ಆದಿತ್ಯವಾರ ಒಂದು ನೋಟ್‌ಬುಕ್ ಹಿಡಿದು ಬಾ. ಎರಡು ಗಂಟೆಗೆ ಕ್ಲಾಸು ಶುರು.

ಜೈ ಭೀಮ್.